ಮಾರಿಕಣಿವೆಯ ನೀರು ಬಲ್ಲ ಅಪ್ಪನಿಗೆ

ಚಿತ್ರದುರ್ಗ
೧೨ ಮಾರ್ಚ್ ೧೯೭೫

ಯಲ್ಲದಕೆರೆಯ ಕುರಿಗಾರ ಕಾಟಯ್ಯನವರಿಗೆ, ಅಂದರೆ ನನ್ನ ಅಪ್ಪನಿಗೆ, ಚಿತ್ತಮ್ಮನ ನಮಸ್ಕಾರ.

ಅಪ್ಪಾ, ತಮ್ಮ ಪಾಲಣ್ಣ ಈ ಕಾಗದ ಓದಿ ಹೇಳುವಾಗ ಬೇಲಿ ಕಟ್ಟುತ್ತಾ ಅರ್ಧ ಕಿವಿಗೊಡಬೇಡ. ಕುಳಿತು ಕೇಳು. ಇವತ್ತು ದಿಲ್ಲಿಯಿಂದ ಅಣು ವಿದ್ಯುತ್ ಸ್ಥಾವರಕ್ಕೆ ಮಂಜೂರಾತಿ ಬಂತು! ಕಚೇರಿಯಲ್ಲಿ ಎಲ್ಲರಿಗೂ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಹಂಚಿದರು. ಆದರೆ ಸ್ಥಾವರ ನಮ್ಮ ಮಾರಿಕಣಿವೆ ಜಲಾಶಯದ ದಂಡೆಗಲ್ಲ, ದೂರದ ಒಂದು ತುಂಬುಹೊಳೆಯ ದಂಡೆಗೆ. ಅದಕ್ಕೆ ಕಾರಣ ನೀನು.

ಹೋದ ವರ್ಷ ಜಾಗ ನೋಡುವ ಸಮಿತಿ ಹಿರಿಯೂರಿಗೆ ಬಂದಾಗ ನಾನೆಷ್ಟು ಹಿಗ್ಗಿದ್ದೆ! ನಮ್ಮ ಹಟ್ಟಿಯಿಂದ ಹೊರಟು ನಕ್ಷೆ ಬರೆಯುವ ಕೆಲಸ ಹಿಡಿದ ಮೊದಲ ಹೆಣ್ಣು ನಾನು. ನೀನು ಕುರಿ ಮೇಯಿಸುವ ಕಾವಲಿನ ಹುಲ್ಲುನೆಲದ ಮೇಲೇ ಸ್ಥಾವರದ ಗೆರೆಗಳನ್ನು ಕೈಯಾರೆ ಎಳೆದಿದ್ದೆ. ನಮ್ಮೂರ ಹೆಸರು ದೇಶಕ್ಕೆಲ್ಲ ಗೊತ್ತಾಗಲಿ ಎಂಬ ಆಸೆ. ಕಾವಲು ಹೋದರೆ ನಿನ್ನ ಕುರಿ ಎಲ್ಲಿಗೆ ಹೋಗಬೇಕು ಎಂದು ಯೋಚಿಸಲೇ ಇಲ್ಲ.

ಸಮಿತಿಯವರು ದಂಡೆಯಲ್ಲಿ ನನ್ನ ನಕ್ಷೆ ಹರಡಿಕೊಂಡು ನಿಂತಿದ್ದಾಗ ನೀನು ಕಂಬಳಿ ಹೊದ್ದು ಬಂದೆ. "ಸ್ವಾಮೇರಾ, ನಿಮ್ಮ ಒಲೆ ಒಂದಿನಾನೂ ಆರಂಗಿಲ್ಲ ಅಂತೀರಿ. ಅದನ್ನ ತಣ್ಣಗಿಡಾಕೆ ನೀರೆಲ್ಲಿಂದ ತರ್ತೀರಿ? ಈ ಕಣಿವೆ ಕೋಡಿ ಬಿದ್ದಿದ್ದು ನಂಗೆ ಮೀಸೆ ಚಿಗುರೋ ಕಾಲ್ದಾಗೆ, ಒಂದೇ ಸತಿ. ನೀರು ಇಂಗಿ ಒಳಗಿನ ಮುಳುಗಡೆ ಊರಿನ ಗುಡಿ ದೀಪದ ಕಂಬ ಕಂಡಿದ್ದು ಐದು ಸತಿ" ಎಂದೆ. ಕೆಲವರು ನಕ್ಕರು. ದೊಡ್ಡ ಇಂಜಿನಿಯರ್ ಮಾತ್ರ ನಗದೆ, "ಈ ಯಜಮಾನರು ಯಾರಮ್ಮ, ನಿಮಗೆ ಗೊತ್ತೇ?" ಎಂದು ನನ್ನನ್ನು ಕೇಳಿದರು. ನಾನು ಬಗ್ಗಿ ನಕ್ಷೆಯ ಮೂಲೆ ಸರಿಮಾಡತೊಡಗಿದೆ. ಆಗ ನೀನೇ, "ಅಮ್ಮಾರಿಗೆ ಹೆಂಗ್ ಗೊತ್ತಿರ್ತೈತ್ರಿ, ನಾನು ಕುರಿ ಕಾಯಾವ್ನು" ಎಂದುಬಿಟ್ಟೆ. ಆಮೇಲೆ ನಾನು ಊರ ಕಡೆ ಬರದೇ ಇದ್ದದ್ದು ಕೋಪದಿಂದಲ್ಲ ಅಪ್ಪಾ, ನಾಚಿಕೆಯಿಂದ.

ಇಂಜಿನಿಯರ್ ಹಳೆಯ ನೀರಿನ ಮಟ್ಟದ ದಾಖಲೆಗಳನ್ನೆಲ್ಲ ತೆಗೆಸಿದರು. ನೀನು ಹೇಳಿದ ಲೆಕ್ಕ ಒಂದೂ ತಪ್ಪಿರಲಿಲ್ಲ. ನನ್ನ ನಕ್ಷೆ ಮೂಲೆಗೆ ಹೋಯಿತು. ಹೊಸ ಜಾಗಕ್ಕೆ ಹೊಸ ನಕ್ಷೆ ಬರೆದೆ. ಅದಕ್ಕೇ ಈಗ ದಿಲ್ಲಿಯ ಸಹಿ ಬಿದ್ದಿರುವುದು.

ಇವತ್ತು ಸಮಿತಿಯ ವರದಿಯನ್ನು ಎಲ್ಲರೆದುರು ಓದುತ್ತಿದ್ದರು. ಒಂದು ಕಡೆ "ಸ್ಥಳೀಯ ಕುರಿಗಾರರೊಬ್ಬರು ತಿಳಿಸಿದಂತೆ" ಎಂದು ಬಂತು. ನಾನು ಬಜ್ಜಿಯ ತಟ್ಟೆ ಕೆಳಗಿಟ್ಟು ಎದ್ದು ನಿಂತೆ. "ಅವರ ಹೆಸರು ಕಾಟಯ್ಯ, ಸಾರ್. ಅವರು ನಮ್ಮಪ್ಪ" ಎಂದೆ. ಇಂಜಿನಿಯರ್ ಪೆನ್ನು ತೆಗೆದು ಕಚೇರಿಯ ಪ್ರತಿಯಲ್ಲಿ ನಿನ್ನ ಹೆಸರು ಬರೆದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ಅಳುತ್ತಲೇ ನಗುತ್ತಿದ್ದೆ.

ಕಾವಲು ನಿನಗೇ ಉಳಿಯಿತು. ಹೊಸ ಜಾಗದ ಕೆಲಸಕ್ಕೆ ನನ್ನನ್ನೂ ಕರೆದಿದ್ದಾರೆ. ಹೊರಡುವ ಮೊದಲು, ಈ ಸೋಮವಾರ ಮೊದಲ ಬಸ್ಸಿಗೆ ಬರುತ್ತೇನೆ. ನಾನು ಇಳಿಯುತ್ತಲೇ, ಅಲ್ಲಿ ಯಾರೇ ನಿಂತಿರಲಿ, "ಲೇ ಚಿತ್ತಿ" ಎಂದು ಊರಿಗೆಲ್ಲ ಕೇಳುವ ಹಾಗೆ ಕೂಗಿ ಕರಿ.

ನಿನ್ನ ಮಂದೆ ಹೆಚ್ಚಲಿ, ನಿನ್ನ ಆಶೀರ್ವಾದ ನನ್ನ ತಲೆಯ ಮೇಲಿರಲಿ.

ಇಂತಿ ನಿನ್ನ ಮಗಳು,
ಕಾಟಯ್ಯನ ಚಿತ್ತಮ್ಮ