ಅದ್ದಿದ ಕೌದಿ

ಹದಿಮೂರನೆಯ ತಿಂಗಳ ನಾಲ್ಕನೆಯ ದಿನ, 2247

ಹಿಂದಿನ ಕಾಲದ ಹಿರಿಯರಿಗೆ,

ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕನ್ನಡವನ್ನು ಕತೆ ಕೇಳಿಯೇ ಕಲಿತವಳು ನಾನು. ಈ ಕತೆಯನ್ನು ಮೊದಲು ಹೇಳಿದವಳು ನಮ್ಮೂರ ಅದ್ದುಮನೆಯ ಫಕೀರವ್ವ, 2209ರಲ್ಲಿ, ಹತ್ತಿ ಬಿಡಿಸುತ್ತ ಕುಳಿತಿದ್ದ ಹನ್ನೊಂದು ಹೆಂಗಸರಿಗೆ.

ಅದ್ದುಮನೆ ಎಂದರೆ ಹೊಸ ಬಟ್ಟೆಗೆ ಮದ್ದು ಹಿಡಿಸುವ ಜಾಗ. ಹತ್ತಿಯ ಎಳೆಗೆ ನೀರು ಹಿಡಿಯುವ ಸಣ್ಣ ಸಣ್ಣ ಕೈಗಳಿರುತ್ತವಂತೆ. ಮದ್ದು ಆ ಕೈಗಳನ್ನೆಲ್ಲ ತಾನೇ ಹಿಡಿದುಕೊಂಡುಬಿಡುತ್ತದೆ. ಆಮೇಲೆ ನೀರು, ಎಣ್ಣೆ, ಬೆವರು ಯಾವುದೂ ಅಂಟದು, ಹುಳವೂ ಮುಟ್ಟದು. ಒಗೆಯಲು ವಾರಕ್ಕೊಂದು ಕೊಡ ನೀರೂ ಸಿಗದ ನಮಗೆ ಅದು ದೊಡ್ಡ ಉಪಕಾರವೇ.

ಫಕೀರವ್ವನ ತಾಯಿ ತೀರಿಕೊಂಡಾಗ ಉಳಿದದ್ದು ಒಂದು ಕೌದಿ. ಹಳೆಯ ಸೀರೆಗಳನ್ನು ಸೇರಿಸಿ ಹೊಲಿದದ್ದು, ಎಂದೂ ಮದ್ದಿನಲ್ಲಿ ಅದ್ದಿರಲಿಲ್ಲ. ತಂಗಿ ನಿಂಗವ್ವ ದಿನಾ ಸಂಜೆ ಅದರಲ್ಲಿ ಮುಖ ಹುದುಗಿಸಿ ಕೂರುತ್ತಿದ್ದಳು. ಅಂಚಿಗೆ ಹುಳ ಹತ್ತಿದ್ದನ್ನು ಕಂಡ ಫಕೀರವ್ವ, ತಾಯಿಯ ವರ್ಷದ ದಿನಕ್ಕೆ ತಂಗಿಗೆ ಸಂತೋಷವಾಗಲೆಂದು, ಹೇಳದೆ ಕೇಳದೆ ಒಯ್ದು ಸೋಡಾ ನೀರಲ್ಲಿ ತಿಕ್ಕಿ ತೊಳೆದು ಅದ್ದಿದಳು.

“ತಗೋವಾ, ಇನ್ನ ಹುಳದ ಅಂಜಿಕಿಲ್ಲ. ನೀ ಕೊಡಗಟ್ಟಲೆ ಅತ್ರೂ ತೊಯ್ಯಂಗಿಲ್ಲ,” ಎಂದು ಚೇಷ್ಟೆ ಮಾಡಿದಳು.

ನಿಂಗವ್ವ ಮೂಸಿದಳು. ಮಡಿಕೆ ಬಿಚ್ಚಿ ಮತ್ತೆ ಮೂಸಿದಳು.

“ಅಕ್ಕಾ, ಇದರಾಗ ಅವ್ವ ಇದ್ಲಲ್ಲ, ಎಲ್ಲಿ ಹಾಕಿದಿ?”

ಅವಳ ಕಣ್ಣೀರು ಕೌದಿಯ ಮೇಲೆ ಮಣಿಮಣಿಯಾಗಿ ಉರುಳಿ ನೆಲಕ್ಕೆ ಬಿತ್ತು.

ಫಕೀರವ್ವ ಮೂರು ದಿನ ಅದನ್ನು ಬೂದಿನೀರಲ್ಲಿ ಕುದಿಸಿದಳು. ಮದ್ದು ಬಿಟ್ಟಿತು, ಬಟ್ಟೆ ಮತ್ತೆ ನೀರು ಕುಡಿಯಿತು. ಅವ್ವನ ವಾಸನೆ ಮಾತ್ರ ಬರಲಿಲ್ಲ.

ನಿಮ್ಮ ಕಾಲದಲ್ಲಿ ಕೂಸಿನ ಬಾಯಿಯನ್ನು ಸೆರಗಿನಿಂದಲೇ ಒರೆಸುತ್ತೀರಂತೆ. ಹಾಲು, ಹೊಗೆ, ಒಗ್ಗರಣೆ ಎಲ್ಲ ಆ ಸೆರಗಿನಲ್ಲೇ ಉಳಿಯುತ್ತದಂತೆ. ಅಂಥದೊಂದನ್ನು ತೊಳೆಯದೆ ಎತ್ತಿಡಿ, ಇಷ್ಟೇ ನನ್ನ ಬೇಡಿಕೆ. ನನ್ನ ಅವ್ವನ ಸೀರೆಯದೂ ಒಂದು ತುಂಡು ನನ್ನ ಬಳಿ ಇದೆ. ವಾಸನೆ ತೀರಿಹೋದೀತೆಂದು ವರ್ಷಕ್ಕೊಮ್ಮೆ ಮಾತ್ರ ಬಿಚ್ಚುತ್ತೇನೆ. ಕತೆ ಕೇಳಿದ ಹನ್ನೊಂದು ಮಂದಿಯಲ್ಲಿ ಅವಳೂ ಒಬ್ಬಳು.

ಕತೆ ಕೇಳಿದ ಮರುದಿನ ಬೆಳಿಗ್ಗೆ ಅವರೆಲ್ಲ ಹೊಸ ಸೀರೆ ಹಿಡಿದು ಅದ್ದುಮನೆಯ ಬಾಗಿಲಿಗೆ ಬಂದರು. ಗೇಣುದ್ದದ ತುಂಡೊಂದನ್ನು ಹರಿದು ಸೊಂಟಕ್ಕೆ ಸಿಕ್ಕಿಸಿಕೊಂಡು, ಉಳಿದದ್ದನ್ನಷ್ಟೇ ಅದ್ದಲು ಕೊಟ್ಟರು. ಫಕೀರವ್ವ ಒಂದೊಂದು ಸೀರೆಯನ್ನೂ ತಿರುವಿ, ಹರಿದ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದ ಮೇಲೆಯೇ ಅದ್ದಿದಳು.