ಇಳ್ಸುದಾ, ಬ್ಯಾಡ್ದಾ

ಸೆಪ್ಟೆಂಬರ್ 2, ಮಂಗಳವಾರ

ಗಂಜಿ, ಹಪ್ಪಳ. ಮುರಿದ ಹಪ್ಪಳವನ್ನು ಶ್ರಾವ್ಯ ಮುಟ್ಟುವುದಿಲ್ಲ. ಇಡೀ ಹಪ್ಪಳವೇ ಆಗಬೇಕು. ಇಷ್ಟು ಸಣ್ಣ ವಿಷಯ ಮಗಳಿಗೆ ಆರು ತುಂಬಿದರೂ ಅತ್ತೆಯ ತಲೆಗೆ ಹೋಗಿಲ್ಲ. ಇವತ್ತೂ ಚೂರು ಮಾಡಿ ಹಾಕಿದರು. ಮಗು ಬಟ್ಟಲು ದೂಡಿತು. "ಅಬ್ಬೆ ಕಲ್ಸಿದ್ ಬುದ್ಧಿ" ಎಂದರು. ಹೌದು, ಹಪ್ಪಳಕ್ಕೆ ನಾನೇ ಟ್ಯೂಷನ್ ಕೊಟ್ಟದ್ದು.

ಸಂಜೆ ದೋಣಿಯ ಚಂದಯ್ಯ ಚಾ ಕುಡಿಯಲು ಬಂದ. ಶ್ರಾವ್ಯ ಅವನ ಚಪ್ಪಲಿಯನ್ನೂ ಜಗಲಿಯ ಸಾಲಿಗೆ ಸೇರಿಸಿದಳು. ಎಲ್ಲದರ ಮೂತಿ ಗೋಡೆಗೆ. ಅದು ಅವಳ ಕಾನೂನು, ಯಾರಾದರೂ ತಿರುಗಿಸಿಟ್ಟರೆ ಅಳು. ಚಂದಯ್ಯ ಕರೆದ, ಅವಳು ತಿರುಗಲಿಲ್ಲ. "ಇದಕ್ಕೆ ಕೆಮಿ ಕೇಣ್ತಿಲ್ಯಾ?" ಆಚೆಮನೆಯ ಮಿಕ್ಸಿಗೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ಕಿವಿ ಕೇಳುವುದಿಲ್ಲವಂತೆ. ಇವನಿಗೆ ಇವನ ಧ್ವನಿ ಬಿಟ್ಟು ಬೇರೆ ಏನು ಕೇಳಿಸಿದೆ?

ಕುಂದಾಪುರದ ಸೆಂಟರಿನ ಪ್ರಫುಲ್ಲಾ ಮೇಡಂ ಬಿಡಿಸಿ ಹೇಳಿದ್ದಾರೆ. ಆಟಿಸಂ. ಶಬ್ದ ಅವಳನ್ನು ನಮಗಿಂತ ಹೆಚ್ಚು ಚುಚ್ಚುತ್ತದೆ. ರೂಢಿ ತಪ್ಪಿದರೆ ಹೆದರುತ್ತಾಳೆ. ಕೇಳಿದ ಮಾತಿನ ಬಾಲವನ್ನು ತಿರುಗಿ ಹೇಳುವುದು ಹಠ ಅಲ್ಲ, ಮಾತು ಕಲಿಯುವ ದಾರಿ. ದಿನಾ ಕರೆತಂದರೆ ಒಳ್ಳೆಯದು ಎಂದರು. ಮನೆಯಲ್ಲಿ ಎಲ್ಲ ವಿವರಿಸಿದೆ. ಅತ್ತೆ ಆಕಳಿಸಿದರು.

ಸೆಪ್ಟೆಂಬರ್ 5, ಶುಕ್ರವಾರ

ನಿನ್ನೆ ಚಂದಯ್ಯ ತಮಾಷೆಗೆ ಕೇಳಿದ್ದ — "ಹ್ವಾಯ್ ಹೆಣ್ಣೆ, ನಾಳೆ ದೋಣಿ ಇಳ್ಸುದಾ, ಬ್ಯಾಡ್ದಾ?"

"ಬ್ಯಾಡ್ದಾ" ಎಂದಳು. ಮಾತಿನ ಬಾಲ, ಅಷ್ಟೇ.

ಅವನು ಮೊದಲೇ ಸೋಮಾರಿ, ನೆಪ ಸಿಕ್ಕಿತು, ಹೋಗಲಿಲ್ಲ. ಇವತ್ತು ಕಡಲು ಎದ್ದಿತು. ಹೋದವರು ಬಲೆ ಹರಿದುಕೊಂಡು ಬಂದರು. ಮಧ್ಯಾಹ್ನ ಚಂದಯ್ಯ ತೆಂಗಿನಕಾಯಿ ಹಿಡಿದು ಅತ್ತೆಯ ಮುಂದೆ ಹಾಜರು. "ವನಜಕ್ಕ, ನಿಮ್ಮನಿ ಹೆಣ್ಣಿನ್ ಬಾಯಂಗೆ ದೇವ್ರ್ ಮಾತಾಡ್ತ್."

ಮೊನ್ನೆಯವರೆಗೆ ಅವಳನ್ನು ಮಂಡೆ ಸಮ ಇಲ್ಲದ್ದು ಎನ್ನುತ್ತಿದ್ದ ಅತ್ತೆ ಸೆರಗಿನಿಂದ ಅವಳ ಮುಖ ಒರೆಸಿದರು. ಗಾಳಿ-ಮಳೆಯ ಎಚ್ಚರಿಕೆ ಚಂದಯ್ಯನ ಮೊಬೈಲಿಗೇ ಬಂದಿತ್ತು. ಅದನ್ನು ಓದುವಷ್ಟು ಪುರುಸೊತ್ತು ಅವನಿಗೆಲ್ಲಿ.

ಸೆಪ್ಟೆಂಬರ್ 10, ಬುಧವಾರ

ಅವಳನ್ನು ಕೇಳಲು ಜನರ ಸಾಲು ಹತ್ತಿದೆ. ಎಲ್ಲರ ಪ್ರಶ್ನೆಯೂ "ಬ್ಯಾಡ್ದಾ" ಎಂದೇ ಮುಗಿಯುತ್ತದೆ, ಹಾಗಾಗಿ ಎಲ್ಲರಿಗೂ ಒಂದೇ ಉತ್ತರ. ನಾಗನಿಗೆ ನೋಡಿದ ಹೆಣ್ಣು ಬೇಡ. ಸುಂದರಿ ಬಾವಿ ತೋಡಿಸುವುದು ಬೇಡ. ಆಚೆಮನೆಯ ಕುಷ್ಟ ಬೈಕ್ ತೆಗೆಯುವುದು ಬೇಡ. ಇಡೀ ಕೇರಿ ಕೆಲಸ ಬಿಟ್ಟು ಕೂತಿದೆ. ಯಾರಿಗೂ ಅನುಮಾನವಿಲ್ಲ. ಅನುಮಾನ ಪಡಲು ಸ್ವಲ್ಪ ಬುದ್ಧಿ ಬೇಕಲ್ಲ.

ಜಗಲಿ ತುಂಬ ಚಪ್ಪಲಿ. ಶ್ರಾವ್ಯಳಿಗೆ ಅದೊಂದೇ ಖುಷಿ.

ಸೆಪ್ಟೆಂಬರ್ 12, ಶುಕ್ರವಾರ

ಇವತ್ತು ದರ್ಶನ ಅಂತೆ. ನಾನು ಪೇಟೆಗೆ ಹೋಗಿ ಬರುವಷ್ಟರಲ್ಲಿ ಅವಳಿಗೆ ಹೂ ಮುಡಿಸಿ ಮಣೆಯ ಮೇಲೆ ಕೂರಿಸಿದ್ದರು. ಅತ್ತೆ ಅವಳ ಕಿವಿಯ ಹತ್ತಿರವೇ ಜಾಗಟೆ ಬಾರಿಸಿದರು. ಮಗು ಕಿವಿ ಮುಚ್ಚಿ ಕಿರುಚಿತು. ಕೈ ಕಚ್ಚಿಕೊಂಡಿತು. ರಕ್ತ ಬಂತು. "ಮೈಮೇಲ್ ಬಂತ್" ಎಂದು ಎಲ್ಲರೂ ಕೈಮುಗಿದರು. ಇಷ್ಟೂ ಜನರಲ್ಲಿ ಒಬ್ಬರಾದರೂ ಎದ್ದು ಅವಳನ್ನು ಎತ್ತಿಕೊಳ್ಳಲಿಲ್ಲ.

ಜಾಗಟೆ ಕಿತ್ತು ಅಂಗಳಕ್ಕೆ ಎಸೆದೆ. ಅವಳು ತಣ್ಣಗಾದ ಮೇಲೆ ಎಲ್ಲರ ಎದುರೇ ಕೇಳಿದೆ — "ಶ್ರಾವ್ಯ, ದೋಣಿ ಬ್ಯಾಡ್ದಾ, ಇಳ್ಸುದಾ?"

"ಇಳ್ಸುದಾ."

ಈಗಲಾದರೂ ಅರ್ಥವಾದೀತು ಎಂದುಕೊಂಡ ನಾನೇ ಪೆದ್ದಿ. ಚಂದಯ್ಯ ತಲೆಯಾಡಿಸಿ ಹೇಳಿದ, "ಕಾಣಿ, ಜಾಗಟೆ ಬಿಸಾಡಿದ್ದಕ್ಕೆ ದೇವ್ರಿಗ್ ಸಿಟ್ಟ್ ಬಂತ್. ಮಾತ್ ತಿರ್ಗ್ಸ್ತ್."

ಮುಂದಿನ ಶುಕ್ರವಾರ ಇನ್ನೂ ದೊಡ್ಡದಾಗಿ ಮಾಡುತ್ತಾರಂತೆ. ಗುಲ್ವಾಡಿಯಿಂದಲೂ ಜನ ಬರುತ್ತಾರಂತೆ. ಜಾಗಟೆ ಎರಡು.

ಸೆಪ್ಟೆಂಬರ್ 13

ಮುಂಬೈಗೆ ಫೋನ್. ನನ್ನ ಗಂಡ ಯತೀಶ್, ಹೋಟೆಲಿನ ಗಲ್ಲಾದಲ್ಲಿ ಕೂತಿರುವ ಮಹಾಪುರುಷ. "ಅಮ್ಮ ಹೇಳ್ದಂಗೆ ಕೇಣ್ ಮಾರಾಯ್ತಿ. ಮಗಿಗ್ ಮರ್ಯಾದಿ ಸಿಕ್ತಿತ್ತಲ್ದಾ?" ಮಗಳು ಕೈ ಕಚ್ಚಿಕೊಂಡಳು ಎಂದೆ. "ಗಿರಾಕಿ ಬಂದ್ರ್" ಎಂದು ಇಟ್ಟುಬಿಟ್ಟ.

ಕುಂದಾಪುರದಲ್ಲಿ ಅಕ್ಕ ಧನ್ಯಶ್ರೀಯ ಮನೆಯ ಹಿಂದೆ ಕೋಣೆ ಖಾಲಿ ಇದೆ. ಸೆಂಟರಿಗೆ ನಡೆದೇ ಹೋಗಬಹುದು. ಬರಲಾ ಎಂದು ಕೇಳಿದ್ದಕ್ಕೆ "ಬಾ, ಕೇಂಬುಕೆ ಎಂತ ಇತ್" ಎಂದಳು. ಆದರೆ ಹೋದ ವರ್ಷ ಅಲ್ಲಿ ಒಂದು ಸಂಜೆ ಇದ್ದದ್ದಕ್ಕೇ ಶ್ರಾವ್ಯ ಗೋಡೆಗೆ ತಲೆ ಚಚ್ಚಿಕೊಂಡಿದ್ದಳು. ಹೊಸ ಜಾಗ ಎಂದರೆ ಅಷ್ಟು ಭಯ. ಇಲ್ಲಿಂದ ಬಿಡಿಸಲು ಹೋಗಿ ಅಲ್ಲಿ ಇನ್ನೂ ಹಾಳು ಮಾಡಿದರೆ? ನನಗೆ ಹೆದರಿಕೆಯಾಗುತ್ತಿದೆ.

ಸೆಪ್ಟೆಂಬರ್ 16

ಮೇಡಂ ಹೇಳಿದ ಉಪಾಯ — ಮೊದಲೇ ಹೊಸ ಜಾಗದ ಫೋಟೋ ತೋರಿಸಿ. ಅಕ್ಕ ಕಳಿಸಿದಳು. ಬಾಗಿಲು, ಫ್ಯಾನು, ಮಲಗುವ ಚಾಪೆ, ಬಟ್ಟಲಲ್ಲಿ ಇಡೀ ಹಪ್ಪಳ. ದಿನಾ ಗಂಜಿ ಊಟವಾದ ಮೇಲೆ ತೋರಿಸುತ್ತೇನೆ. ನೋಡುತ್ತಾಳೋ ಇಲ್ಲವೋ ಗೊತ್ತಾಗುವುದಿಲ್ಲ. ಅತ್ತೆ ಇಣುಕಿ, "ಮೊಬೈಲ್ ಕೊಟ್ಟೇ ಹೀಂಗ್ ಆದ್ದ್" ಎಂದರು. ದೇವರಿಗೂ ಮೊಬೈಲಿನ ಚಟ ಹತ್ತೀತು ಅಂತಿರಬೇಕು.

ಸೆಪ್ಟೆಂಬರ್ 19, ಶುಕ್ರವಾರ. ಬೆಳಿಗ್ಗೆ

ಅತ್ತೆ ದರ್ಶನಕ್ಕೆ ಹೂ ತರಲು ಪೇಟೆಗೆ ಹೋಗಿದ್ದಾರೆ. ಬ್ಯಾಗ್ ತುಂಬಿಸಿಟ್ಟೆ. ಮತ್ತೆ ಕೂತೆ.

ಆಮೇಲೆ ನಾನೂ ಅದನ್ನೇ ಮಾಡಿದೆ. "ಶ್ರಾವ್ಯ, ದೊಡ್ಡಮ್ಮನ ಮನಿಗ್ ಹೋಪದಾ, ಬ್ಯಾಡ್ದಾ?" ಬೇಡವನ್ನು ಕೊನೆಗೆ ಇಟ್ಟೆ. ಬೇಕೆಂದೇ. ಅವಳು ಬೇಡ ಎಂದರೆ ಬ್ಯಾಗ್ ಬಿಚ್ಚಬಹುದು, ತಪ್ಪು ನನ್ನದಲ್ಲ. ಇಡೀ ಕೇರಿಗೆ ಉಗಿದ ಬಾಯಿ ಇದು. ಥೂ.

ಈ ಸಲ ಅವಳು ಮಾತಿನ ಬಾಲವನ್ನೂ ಹೇಳಲಿಲ್ಲ. ಎದ್ದು ಜಗಲಿಗೆ ಹೋದಳು. ಚಪ್ಪಲಿ ಎಳೆಯುವ ಸದ್ದು. ಅದು ದಿನಾ ಇದ್ದದ್ದೇ.

ಈಗ ಹೋಗಿ ನೋಡಿ ಬಂದೆ. ಅವಳದೊಂದು ಜೊತೆ ಚಪ್ಪಲಿ, ಪಕ್ಕದಲ್ಲಿ ನನ್ನದು. ಬೇರೆ ಯಾರದೂ ಇಲ್ಲ. ಮೂತಿ ಗೋಡೆಗಿಲ್ಲ. ಗೇಟಿನ ಕಡೆಗಿದೆ. ಅವಳು ಪಕ್ಕದಲ್ಲಿ ನಿಂತಿದ್ದಾಳೆ, ಕೈಯಲ್ಲಿ ನನ್ನ ಮೊಬೈಲು, ಅದರಲ್ಲಿ ಅಕ್ಕನ ಮನೆಯ ಬಾಗಿಲು.

ಗೇಟಿನ ಸದ್ದು. ಅತ್ತೆ ಬಂದರು. ಬರಲಿ, ಗೇಟು ತೆರೆದೇ ಇಡಲಿ, ನಾವೂ ಅದರಲ್ಲೇ ಹೊರಗೆ —