ಎರಡು ಲಕ್ಷದ ಸಾಕ್ಷಿ

ಮಿಯಾಪುರ, ಹೈದರಾಬಾದ್
ಡಿಸೆಂಬರ್ ೮, ೨೦೨೪

ಮುದ್ದಿನ ಗಗನಾಳಿಗೆ ಬೂದೆಪ್ಪ ಕಾಕಾನ ಆಶೀರ್ವಾದಗಳು. ಕರ್ತನ ಕೃಪೆಯಿಂದ ನನ್ನ ಎಡ ಮೊಣಕಾಲೊಂದು ಬಿಟ್ಟು ಇಲ್ಲಿ ಎಲ್ಲರೂ ಕ್ಷೇಮ.

ಹೈದರಾಬಾದಿನ ಮೆಟ್ರೊಗೆ ದಾರಿ ಹಾಕಿಕೊಟ್ಟವನು ನಾನೇ, ನಿನಗೆ ಗೊತ್ತಿರಲಿ. ಎಂಜಿನಿಯರುಗಳು ನಕಾಶೆ ಹಿಡಿದು ತಲೆ ಕೆರೆಯುತ್ತ ನಿಂತಿದ್ದರು. ನಾನು ಸಲಿಕೆಯಿಂದ ಮಣ್ಣಿನಲ್ಲೊಂದು ಗೆರೆ ಎಳೆದೆ; ರೈಲು ಇವತ್ತಿಗೂ ಅದರ ಮೇಲೇ ಓಡುತ್ತದೆ. ಊರ ಶಾಲೆಯ ನಾಲ್ಕನೇ ಇಯತ್ತೆ ಅಂದರೆ ಸುಮ್ಮನೆ ಅಲ್ಲ.

ಬೀದರಿನ ಹಾಸ್ಟೆಲಿನಿಂದ ನೀನು ಬರೆದ ಕಾಗದ ಮುಟ್ಟಿತು. ದೀಕ್ಷಾಸ್ನಾನಕ್ಕೆ ಮೊದಲು ಸಭೆಯ ಮುಂದೆ ನಿಂತು, ಕರ್ತನು ತನ್ನನ್ನು ಯಾವುದರಿಂದ ಬಿಡಿಸಿದನೆಂದು ಸಾಕ್ಷಿ ಹೇಳಬೇಕಂತೆ. ನೀನು ಬರೆದಿದ್ದೀ: “ನಿಮ್ಮಂಗ ಇಸ್ಪೀಟಿನ್ಯಾಗ ಎರಡು ಲಕ್ಷ ಕಳಕೊಂಡಾಕಿ ನಾ ಅಲ್ಲ ಕಾಕಾ. ಹೇಳಾಕ ನನ್ನ ಕಡೆ ಏನೂ ಇಲ್ಲ. ನಾ ದೀಕ್ಷಾಸ್ನಾನ ಒಲ್ಲೆ.” ಓದಿದಾಗಿನಿಂದ ನನಗೆ ಚಹಾ ಸೇರುತ್ತಿಲ್ಲ. ಫೋನು ಮಾಡಿದರೆ ಇಲ್ಲಿ ನಿಮ್ಮವ್ವ ನನ್ನ ಪಕ್ಕದಲ್ಲೇ ಇರುತ್ತಾರೆ, ಅದಕ್ಕೇ ಈ ಕಾಗದ.

ನೀನು ಹುಟ್ಟುವ ಮುಂಚಿನ ಮಾತು. ಇಲ್ಲಿ ದೊಡ್ಡ ಅಪಾರ್ಟ್‌ಮೆಂಟುಗಳನ್ನು ಕಟ್ಟುತ್ತಿದ್ದೆವು, ತಗಡಿನ ಶೆಡ್ಡಿನಲ್ಲಿ ಇರುತ್ತಿದ್ದೆವು. ಸಂಜೆ ವೈನಿ, ಅಂದರೆ ನಿಮ್ಮವ್ವ, ರೊಟ್ಟಿ ಬಡಿಯುವ ಸದ್ದಿಗೆ ಎದುರಿನ ಹುಸೇನಮ್ಮ ಹಸಿವಾಯಿತೆಂದು ಎದ್ದು ಬರುತ್ತಿದ್ದಳು. ಆ ಹೊಗೆಯ ವಾಸನೆ ಈಗಲೂ ಒಮ್ಮೊಮ್ಮೆ ಮೂಗಿಗೆ ಬರುತ್ತದೆ.

ಕ್ರಿಸ್‌ಮಸ್ ಹತ್ತಿರವಿತ್ತು. ಕರ್ಚಿಕಾಯಿಗೆ ಮೈದಾ, ಬೆಲ್ಲ, ಕೊಬ್ಬರಿ ತರಲು ವೈನಿ ರೊಕ್ಕ ಕೊಟ್ಟರು. ಸಿಮೆಂಟು ಚೀಲಗಳ ಹಿಂದೆ ಇಸ್ಪೀಟು ನಡೆದಿತ್ತು. ಬರಿಗೈಲಿ ಮನೆಗೆ ಬಂದೆ. ನನ್ನಂಥವನಿಗೂ ಅಂದು ಒಂದು ಸುಳ್ಳು ಹೊಳೆಯಲಿಲ್ಲ. ನಿಮ್ಮಪ್ಪ ಚಪ್ಪಲಿ ಕೈಗೆತ್ತಿಕೊಂಡ. ವೈನಿ ನಡುವೆ ಬಂದು, “ಉಣ್ಣೂ ಹೊತ್ತಿನ್ಯಾಗ ಕೈ ಎತ್ತಬ್ಯಾಡ್ರಿ. ಬೂದೆಪ್ಪ, ತಾಟು ತಗೋ” ಎಂದು ರೊಟ್ಟಿ, ಪುಂಡಿಪಲ್ಲೆ ನನಗೇ ಮೊದಲು ಬಡಿಸಿದರು.

ಅದನ್ನು ಹೇಗೋ ತಡೆದುಕೊಂಡೆ. ಮರುದಿನ ಬೆಳಿಗ್ಗೆ ಸೆರಗಿನ ಗಂಟು ಬಿಚ್ಚಿ, ಉಳಿದಿದ್ದ ರೊಕ್ಕವನ್ನೂ ನನ್ನ ಕೈಗೇ ಇಟ್ಟರು: “ಹೋಗು, ಮೈದಾ ತಗೊಂಬಾ.”

“ನಿನಗೇನು ಹುಚ್ಚು ಹಿಡದೈತೇನು?” ಎಂದ ನಿಮ್ಮಪ್ಪ.

“ಕೊಡಲಿಲ್ಲಂದ್ರ ಅಂವ ಜಲಮಾನಗಟ್ಲೆ ಕಳ್ಳಾಗೇ ಕುಂದರ್ತಾನ್ರಿ” ಎಂದರು ವೈನಿ.

ಚೀಲಗಳ ಹಿಂದಿನಿಂದ “ಬಾರಲೇ ಬೂದ್ಯಾ, ಒಂದಾಟ” ಎಂದು ಕರೆದರು. ಕಾಲು ನಿಲ್ಲಲಿಲ್ಲ, ನೆಟ್ಟಗೆ ಅಂಗಡಿಗೆ ನಡೆದೆ. ಆಣೆ ಮಾಡಿಸಿದ್ದರೆ ವಾರದೊಳಗೆ ಮುರಿಯುತ್ತಿದ್ದೆ. ವೈನಿ ಏನನ್ನೂ ಕೇಳಲಿಲ್ಲ; ಅದಕ್ಕೇ ಇವತ್ತಿಗೂ ಇಸ್ಪೀಟಿನ ಎಲೆ ಮುಟ್ಟಿಲ್ಲ. ಪಾಸ್ಟರ್ “ಕೃಪೆ” ಎಂದಾಗಲೆಲ್ಲ ನನಗೆ ಕಾಣುವುದು ಆ ಬಿಚ್ಚಿದ ಗಂಟು. ನಾನು ಸುಧಾರಿಸಿದೆನೆಂದು ಕೊಟ್ಟದ್ದಲ್ಲ, ಕೊಟ್ಟದ್ದಕ್ಕೇ ಸುಧಾರಿಸಿದೆ. ಕರ್ತನು ಬೇರೆ ಥರ ಮಾಡುತ್ತಾನೆಂದು ನನಗನಿಸುವುದಿಲ್ಲ.

ನೀನು ಅದೇ ಕೈಯ ರೊಟ್ಟಿ ಉಂಡು ಬೆಳೆದವಳು. ಬಿದ್ದ ನನ್ನನ್ನು ಎತ್ತಿದ ಕೃಪೆ ನಿನ್ನನ್ನು ಬೀಳದಂತೆ ಹಿಡಿದುಕೊಂಡಿತ್ತು. ಅಷ್ಟನ್ನೇ ಹೇಳು, ನೀರಿಗಿಳಿ. ಮುಂದಿನ ಸಾಲಿನಲ್ಲಿ ನಾನು ಕೂತಿರುತ್ತೇನೆ.

ನಿನ್ನ ಕಾಕಾ,
ಮೆಟ್ರೊ ಬೂದೆಪ್ಪ

ತಾ.ಕ.: ಮೊದಲ ಸಲ ಸಾಕ್ಷಿಯಲ್ಲಿ ಎರಡು ಸಾವಿರ ಎಂದಿದ್ದೆ, ಯಾರೂ ಅಳಲಿಲ್ಲ. ಇಪ್ಪತ್ತು ಸಾವಿರಕ್ಕೆ ಕೆಲವರು ಮೂಗೊರೆಸಿದರು. ಎರಡು ಲಕ್ಷಕ್ಕೆ ಪಾಸ್ಟರೇ ಅತ್ತರು. ಕೃಪೆ ದೊಡ್ಡದಾಗಿ ಕಾಣಲೆಂದು ಪಾಪವನ್ನು ಉಬ್ಬಿಸುತ್ತ ಹೋದೆ, ಅದು ನಿನ್ನ ದಾರಿಗೇ ಅಡ್ಡ ಬಿತ್ತು. ಈ ಹೊಸ ವರ್ಷ ಸಭೆಯಲ್ಲಿ ಎದ್ದು ನಿಜ ಹೇಳುತ್ತೇನೆ, ನಿನಗೆ ಮೊದಲು: ಕಳೆದದ್ದು ಎಂಬತ್ತೈದು ರೂಪಾಯಿ.